ಏಳು, ಎಂಟು, ಒಂಬತ್ತು: ನವಗ್ರಹಾರಾಧನೆಯ ಬೆಳವಣಿಗೆ

ದಕ್ಷಿಣದೇಶದ ಶಿವಾಲಯಗಳಲ್ಲಿ ಪ್ರಾಕಾರದ ಈಶಾನ್ಯ ಭಾಗದಲ್ಲಿ ಒಂದು ಚಿಕ್ಕ ಜಗತಿಯೂ, ಅದರ ಮೇಲೆ ಒಂಬತ್ತು ಕರಿಯ ವಿಗ್ರಹಗಳೂ ಇರುವುದು ಸರ್ವವಿದಿತವಾದ ಸಂಗತಿ. ನಡುವೆ ಸೂರ್ಯ; ಸುತ್ತಲೂ ಎಂಟು ಮಂದಿ, ಒಬ್ಬರ ಮುಖವನ್ನು ಒಬ್ಬರು ನೋಡದಂತೆ ಬೇರೆ ಬೇರೆ ದಿಕ್ಕಿಗೆ ತಿರುಗಿ ನಿಂತಿರುತ್ತಾರೆ. ಎಳ್ಳೆಣ್ಣೆಯ ದೀಪ ಹಚ್ಚಿ ಒಂಬತ್ತು ಸುತ್ತು ಬರುವ ಭಕ್ತನಿಗೆ ಈ ಒಂಬತ್ತು ಮಂದಿ ಸೃಷ್ಟಿಯ ಆದಿಯಿಂದಲೂ ಒಂದೇ ಕುಟುಂಬವಾಗಿದ್ದವರೆಂಬ ವಿಷಯದಲ್ಲಿ ಸಂದೇಹವಿಲ್ಲ. ಗ್ರಂಥಗಳನ್ನೂ ಶಿಲ್ಪಗಳನ್ನೂ ಕಾಲಾನುಕ್ರಮವಾಗಿ ಜೋಡಿಸಿ ನೋಡಿದರೆ ಕಂಡುಬರುವುದು ಬೇರೆ. ಇವರು ಒಟ್ಟಿಗೆ ಬಂದವರಲ್ಲ. ಇಬ್ಬರು ವೇದಕಾಲದವರು, ಐವರು ಬಹಳ ತಡವಾಗಿ ದೇವತೆಗಳ ಪಂಕ್ತಿಗೆ ಸೇರಿದವರು, ಒಬ್ಬನು ಅಸುರ, ಕೊನೆಯವನಂತೂ ತನ್ನ ಸ್ಥಾನಕ್ಕಾಗಿ ಕೆಲವು ಶತಮಾನ ಬಾಗಿಲಲ್ಲೇ ಕಾದವನು.

ಈ ವಿಷಯವಾಗಿ ಎರಡು ಆತುರದ ಅಭಿಪ್ರಾಯಗಳು ರೂಢಿಯಲ್ಲಿವೆ. ಗ್ರಹಪೂಜೆಯೆಲ್ಲ ವೇದೋಕ್ತವೆಂಬುದು ಒಂದು. ಎಲ್ಲವೂ ಯವನರಿಂದ ಬಂದ ಸಾಲವೆಂಬುದು ಇನ್ನೊಂದು. ಎರಡರಲ್ಲಿಯೂ ಲೆಕ್ಕ ಸರಿಹೋಗುವುದಿಲ್ಲ.

ಮೊದಲು 'ಗ್ರಹ' ಎಂಬ ಶಬ್ದವನ್ನೇ ನೋಡಬಹುದು. ಹಿಡಿಯುವುದು ಗ್ರಹ. ಯಜ್ಞದಲ್ಲಿ ಸೋಮರಸವನ್ನು ಹಿಡಿಯುವ ಪಾತ್ರೆಗೂ ಅದರಲ್ಲಿನ ರಸಕ್ಕೂ ಬ್ರಾಹ್ಮಣಗ್ರಂಥಗಳಲ್ಲಿ ಇದೇ ಹೆಸರು. ಮನುಷ್ಯರನ್ನು, ವಿಶೇಷವಾಗಿ ಶಿಶುಗಳನ್ನು, ಹಿಡಿದು ಪೀಡಿಸುವ ಭೂತಗಳಿಗೂ ಇದೇ ಹೆಸರು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ಕಂದಗ್ರಹ, ಶಕುನಿ, ರೇವತಿ, ಪೂತನಾ ಮೊದಲಾದ ಬಾಲಗ್ರಹಗಳನ್ನು ಎಣಿಸಿದೆ. ಅವುಗಳ ಸಂಖ್ಯೆಯೂ ಒಂಬತ್ತೇ ಆಗಿರುವುದು ಗಮನಾರ್ಹ. ಸೂರ್ಯಚಂದ್ರರನ್ನು ಹಿಡಿಯುವ ರಾಹುವು ಈ ಅರ್ಥದಲ್ಲಿಯೇ ಗ್ರಹ. ಋಗ್ವೇದದ ಐದನೆಯ ಮಂಡಲದಲ್ಲಿ ಸ್ವರ್ಭಾನುವೆಂಬ ಅಸುರನು ಸೂರ್ಯನನ್ನು ಕತ್ತಲೆಯಿಂದ ಹೊಡೆದುದನ್ನೂ, ಅತ್ರಿಯು ಸೂರ್ಯನನ್ನು ಮರಳಿ ಕಂಡುಹಿಡಿದುದನ್ನೂ ಹೇಳಿದೆ. ಅಥರ್ವವೇದದಲ್ಲಿ ರಾಹುವಿನ ಹೆಸರೇ ಬರುತ್ತದೆ. ಛಾಂದೋಗ್ಯದಲ್ಲಿ ರಾಹುಮುಖದಿಂದ ಬಿಡುಗಡೆ ಹೊಂದಿದ ಚಂದ್ರನ ಉಪಮಾನವಿದೆ. ಆದುದರಿಂದ ಇಂದು ಎಂಟನೆಯವನಾಗಿ ನಿಂತಿರುವ ರಾಹುವು, ಈ ಸಾಲಿನಲ್ಲಿ ಸೂರ್ಯಚಂದ್ರರನ್ನು ಬಿಟ್ಟರೆ, ಎಲ್ಲರಿಗಿಂತ ಹಳಬನೆಂದು ಹೇಳಬೇಕಾಗುತ್ತದೆ. ಕುಜ, ಬುಧ, ಗುರು, ಶುಕ್ರ, ಶನಿಗಳ ಗತಿಯ ಲೆಕ್ಕವಾಗಲಿ, ಮೇಷಾದಿ ರಾಶಿಗಳಾಗಲಿ, ವಾರಗಳಾಗಲಿ ವೇದಾಂಗಜ್ಯೋತಿಷದಲ್ಲಿ ಇಲ್ಲ. ಲಗಧನ ಆ ಗ್ರಂಥಕ್ಕೆ ಬೇಕಾದುದು ಸೂರ್ಯ, ಚಂದ್ರ, ನಕ್ಷತ್ರಗಳು ಮಾತ್ರ. ಯಜ್ಞಕ್ಕೆ ಕಾಲನಿರ್ಣಯ ಮಾಡುವುದಕ್ಕೆ ಅಷ್ಟು ಸಾಕಾಗಿದ್ದಿತು.

ಒಂಬತ್ತು ಮಂದಿಯೂ ಒಂದೇ ವಿಧಿಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಪ್ರಮುಖವಾದ ಗ್ರಂಥ ಯಾಜ್ಞವಲ್ಕ್ಯಸ್ಮೃತಿ. ಅದರ ಆಚಾರಾಧ್ಯಾಯದಲ್ಲಿ ಗ್ರಹಶಾಂತಿಪ್ರಕರಣವು ಎಲ್ಲಿ ಬರುತ್ತದೆಂಬುದೂ ಅರ್ಥಗರ್ಭಿತವಾಗಿದೆ. ಅದರ ಹಿಂದಿನ ಪ್ರಕರಣ ವಿನಾಯಕಶಾಂತಿ. ಅಲ್ಲಿಯ ವಿನಾಯಕನು ನಮ್ಮ ಮನೆಗಳ ಮೋದಕಪ್ರಿಯನಿಗಿಂತ ಉಗ್ರನಾದವನು; ಆತನು ಹಿಡಿದವನಿಗೆ ಬೀಳುವ ದುಃಸ್ವಪ್ನಗಳೂ, ರಾಜಪುತ್ರನಿಗೆ ರಾಜ್ಯ ದೊರೆಯದಿರುವುದೂ, ಕನ್ಯೆಗೆ ವರ ದೊರೆಯದಿರುವುದೂ ವರ್ಣಿತವಾಗಿವೆ. ಹಿಡಿಯುವ ದೇವತೆಯ ಶಾಂತಿಯಾದ ಮೇಲೆ ಹಿಡಿಯುವ ಗ್ರಹಗಳ ಶಾಂತಿ. ಹಳೆಯ ಅರ್ಥವು ಹೊಸ ದೇವತೆಗಳಿಗೆ ದಾರಿ ಮಾಡಿಕೊಟ್ಟ ರೀತಿ ಇದು.

ಶ್ರೀ, ಶಾಂತಿ, ಮಳೆ, ಆಯುಸ್ಸು, ಪುಷ್ಟಿ ಇವುಗಳನ್ನು ಬಯಸುವವನು ಗ್ರಹಯಜ್ಞ ಮಾಡತಕ್ಕದ್ದೆಂದು ಸ್ಮೃತಿ ಹೇಳುತ್ತದೆ; ಶತ್ರುವಿಗೆ ಅಭಿಚಾರ ಮಾಡುವವನಿಗೂ ಅನುಮತಿಯಿದೆ. ಸೂರ್ಯನ ಪ್ರತಿಮೆ ತಾಮ್ರದ್ದು, ಚಂದ್ರನದು ಸ್ಫಟಿಕದ್ದು, ಕುಜನದು ರಕ್ತಚಂದನದ್ದು, ಬುಧಗುರುಗಳಿಬ್ಬರದೂ ಚಿನ್ನದ್ದು, ಶುಕ್ರನದು ಬೆಳ್ಳಿಯದು, ಶನಿಯದು ಕಬ್ಬಿಣದ್ದು, ರಾಹುವಿನದು ಸೀಸದ್ದು, ಕೇತುವಿನದು ಕಂಚಿನದು. ಇಷ್ಟು ವೆಚ್ಚಕ್ಕೆ ಶಕ್ತಿಯಿಲ್ಲದವನು ಬಟ್ಟೆಯ ಮೇಲೆ ಆಯಾ ಬಣ್ಣದಿಂದ ಬರೆಯಬಹುದು. ಗಂಧದಿಂದ ಮಂಡಲ ಬರೆದರೂ ನಡೆಯುತ್ತದೆ. ಸಮಿತ್ತುಗಳು ಎಕ್ಕ, ಮುತ್ತುಗ, ಕಗ್ಗಲಿ, ಉತ್ತರಾಣಿ, ಅರಳಿ, ಅತ್ತಿ, ಬನ್ನಿ, ಗರಿಕೆ, ದರ್ಭೆ. ಇಂದಿಗೂ ಗೃಹಪ್ರವೇಶದ ಹಿಂದಿನ ದಿನ ಪುರೋಹಿತರು ಕೊಡುವ ಪಟ್ಟಿಯಲ್ಲಿ ಇವೇ ಒಂಬತ್ತು ಇರುತ್ತವೆ. ಮಹಾನಗರಗಳಲ್ಲಿ ಇವನ್ನು ಕಟ್ಟುಕಟ್ಟಾಗಿ ಗ್ರಂಥಿಗೆಯ ಅಂಗಡಿಯವರೇ ಮಾರುತ್ತಾರೆಂಬುದೊಂದೇ ವ್ಯತ್ಯಾಸ.

ಈ ಪ್ರಕರಣದಲ್ಲಿ ಅತ್ಯಂತ ಕುತೂಹಲಕರವಾದುದು ಮಂತ್ರಗಳ ವಿನಿಯೋಗ. ಐದು ತಾರಾಗ್ರಹಗಳಿಗೆ ವೇದದಲ್ಲಿ ಸ್ವಂತ ಮಂತ್ರವಿಲ್ಲದಿರಲು, ಬೇರೆ ದೇವತೆಗಳ ಮಂತ್ರಗಳನ್ನು ತಂದು ಜೋಡಿಸಬೇಕಾಯಿತು. ಗುರುವಿಗೆ ಕಷ್ಟವಾಗಲಿಲ್ಲ, ಬೃಹಸ್ಪತಿ ಎಂಬ ವೈದಿಕ ದೇವತೆ ಮೊದಲೇ ಇದ್ದನು. ಕುಜನಿಗೆ ಕೆಂಪುಬಣ್ಣದ ಸಾಮ್ಯದಿಂದಲೋ ಏನೋ ಅಗ್ನಿಯ ಮಂತ್ರ ದೊರೆಯಿತು. ಬುಧನಿಗೆ ದೊರೆತ ಮಂತ್ರವು ಅಗ್ನಿಯನ್ನು ಎಚ್ಚರಗೊಳ್ಳೆಂದು ಕರೆಯುವುದು. ಅದರಲ್ಲಿ 'ಬುಧ್' ಧಾತುವಿದ್ದುದೇ ಸಂಬಂಧ. ಶನಿಯ ಮಂತ್ರವು ನಿಜವಾಗಿ ಜಲದೇವತೆಗಳನ್ನು ಕುರಿತದ್ದು. ಅದರ ಮೊದಲ ಅಕ್ಷರಗಳು ಕಿವಿಗೆ 'ಶನಿ' ಎಂದು ಕೇಳಿಸುವುದರಿಂದ ಆತನ ಪಾಲಿಗೆ ಬಂದಿತು. ರಾಹುವಿನದು ಗರಿಕೆಯ ಮಂತ್ರ, ಆತನ ಸಮಿತ್ತು ಗರಿಕೆ. ಕೇತುವಿನ ಮಂತ್ರದಲ್ಲಿ 'ಕೇತು' ಶಬ್ದವಿದೆ. ಅಲ್ಲಿ ಅದಕ್ಕೆ ಬೆಳಕಿನ ಕುರುಹೆಂಬ ಅರ್ಥವೇ ಹೊರತು ಧೂಮಕೇತುವೆಂದಲ್ಲ. ಇದನ್ನು ಕಂಡು ನಗುವವರು ಉಂಟು. ನಗುವುದಕ್ಕಿಂತ ಮೊದಲು, ಹೊಸದಾಗಿ ಬಂದ ದೇವತೆಯನ್ನು ಹಳೆಯ ಮಂತ್ರದ ಆಶ್ರಯವಿಲ್ಲದೆ ಅಗ್ನಿಯ ಮುಂದೆ ನಿಲ್ಲಿಸಲು ಆ ಋತ್ವಿಜರ ಮನಸ್ಸು ಒಪ್ಪಲಿಲ್ಲವೆಂಬುದನ್ನು ನೆನೆಯಬೇಕು. ಇತಿಹಾಸಕಾರನಿಗಂತೂ ಇದು ಅಮೂಲ್ಯವಾದ ಸಾಕ್ಷ್ಯ: ಮಂತ್ರಗಳು ಹಳೆಯವು, ವಿನಿಯೋಗ ಹೊಸದು.

ಈ ಸ್ಮೃತಿಗೆ ಕನ್ನಡನಾಡಿನ ಋಣಸಂಬಂಧವೂ ಉಂಟು. ಆರನೆಯ ವಿಕ್ರಮಾದಿತ್ಯನ ಕಲ್ಯಾಣನಗರದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ವಿಷಯದಲ್ಲಿ ಭಾರತದ ನ್ಯಾಯಾಲಯಗಳನ್ನು ಆಳಿತೆಂಬುದನ್ನು ಎಲ್ಲರೂ ಬಲ್ಲರು. ಅದೇ ವಿಜ್ಞಾನೇಶ್ವರನು ಗ್ರಹಶಾಂತಿಪ್ರಕರಣಕ್ಕೂ ವ್ಯಾಖ್ಯಾನ ಬರೆದಿದ್ದಾನೆಂಬುದು ಅಷ್ಟು ಪ್ರಸಿದ್ಧವಲ್ಲ. ಮುಂಬಯಿಯ ಕನ್ನಡಿಗರಿಗೆ ಇನ್ನೂ ಸಮೀಪದ ಇನ್ನೊಂದು ವ್ಯಾಖ್ಯಾನವಿದೆ: ಹನ್ನೆರಡನೆಯ ಶತಮಾನದಲ್ಲಿ ಉತ್ತರಕೊಂಕಣವನ್ನು ಆಳಿದ ಶಿಲಾಹಾರ ಅರಸು ಅಪರಾರ್ಕನದು. ಇಂದಿನ ಠಾಣೆಯೇ ಆ ಶಿಲಾಹಾರರ ಸ್ಥಾನಕ.

ಯಾಜ್ಞವಲ್ಕ್ಯನು ಗ್ರಹಗಳನ್ನು ಎಣಿಸುವ ಕ್ರಮವೇನು? ಸೂರ್ಯ, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ಆಮೇಲೆ ರಾಹು, ಕೇತು. ನಮಗೆ ಇದು ಸ್ವಾಭಾವಿಕವೆನಿಸುತ್ತದೆ, ವಾರಗಳ ಕ್ರಮವಾದುದರಿಂದ. ಆದರೆ ಆಕಾಶದಲ್ಲಿ ಈ ಕ್ರಮ ಎಲ್ಲಿಯೂ ಇಲ್ಲ. ಪ್ರಕಾಶದಿಂದ ಎಣಿಸಿದರೂ ಬಾರದು, ವೇಗದಿಂದ ಎಣಿಸಿದರೂ ಬಾರದು. ಇದರ ಗುಟ್ಟು ಒಂದು ಸಣ್ಣ ಭಾಗಾಕಾರದಲ್ಲಿದೆ.

ಪ್ರಾಚೀನರು ಗ್ರಹಗಳನ್ನು ಗತಿಯ ನಿಧಾನಕ್ಕನುಸಾರವಾಗಿ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಮೇಲಿನಿಂದ ಕೆಳಕ್ಕೆ ಇಟ್ಟರು. ಒಂದು ಅಹೋರಾತ್ರಕ್ಕೆ 24 ಹೋರೆಗಳು. ಒಂದೊಂದು ಹೋರೆಗೆ ಇದೇ ಕ್ರಮದಲ್ಲಿ ಒಬ್ಬೊಬ್ಬ ಅಧಿಪತಿ. ಸೂರ್ಯೋದಯದ ಹೋರೆಯ ಅಧಿಪತಿಯೇ ಆ ದಿನದ ಒಡೆಯ. ಆದಿತ್ಯವಾರದ ಮೊದಲ ಹೋರೆ ರವಿಯದು. 21 ಹೋರೆಗಳಲ್ಲಿ ಮೂರು ಸುತ್ತು ಮುಗಿದು 22ನೆಯದು ಮತ್ತೆ ರವಿಯದು, 23ನೆಯದು ಶುಕ್ರನದು, 24ನೆಯದು ಬುಧನದು. ಮರುದಿನದ ಮೊದಲ ಹೋರೆ ಚಂದ್ರನದು. ಆದುದರಿಂದ ಅದು ಸೋಮವಾರ. ಹೀಗೆಯೇ ಮುಂದೆ. ಆರ್ಯಭಟನು (ಕ್ರಿ.ಶ. 499) ಕಾಲಕ್ರಿಯಾಪಾದದಲ್ಲಿ ಈ ರಹಸ್ಯವನ್ನು ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾನೆ.

ಈಗ ಒಂದು ಪರೀಕ್ಷೆ ಮಾಡಬಹುದು. ನಮ್ಮ ದೇಶದ ಹಳೆಯ ಕಾಲಮಾನದಲ್ಲಿ ದಿನಕ್ಕೆ 30 ಮುಹೂರ್ತ, 60 ಘಳಿಗೆ. ಘಳಿಗೆಗೆ ಒಬ್ಬ ಅಧಿಪತಿಯಂತೆ ಎಣಿಸಿದರೆ 56ಕ್ಕೆ ಎಂಟು ಸುತ್ತು ಮುಗಿದು, 57ನೆಯದು ರವಿಗೆ, 60ನೆಯದು ಚಂದ್ರನಿಗೆ, ಮರುದಿನದ ಮೊದಲನೆಯದು ಶನಿಗೆ ಬರುತ್ತದೆ. ಆದಿತ್ಯವಾರದ ಮರುದಿನ ಶನಿವಾರ, ಅದರ ಮರುದಿನ ಶುಕ್ರವಾರ! ವಾರವೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ಮುಹೂರ್ತದಿಂದ ಎಣಿಸಿದರೆ ಆದಿತ್ಯವಾರದ ಮರುದಿನ ಬುಧವಾರ. ನಮ್ಮ ವಾರಗಳ ಕ್ರಮ ಹುಟ್ಟಬೇಕಾದರೆ ದಿನವನ್ನು 24 ಭಾಗ ಮಾಡಿದವರ ಲೆಕ್ಕವೇ ಬೇಕು. ಆ ಲೆಕ್ಕ ಯವನರ ಮೂಲಕ ಬಂದಿತೆಂಬುದನ್ನು 'ಹೋರಾ' ಎಂಬ ಶಬ್ದವೇ ಸಾರುತ್ತದೆ. ಅದು ಯವನಭಾಷೆಯ ಶಬ್ದ. ವರಾಹಮಿಹಿರನು ಬೃಹಜ್ಜಾತಕದಲ್ಲಿ, 'ಅಹೋರಾತ್ರ' ಎಂಬುದರ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ 'ಹೋರಾ' ಆಯಿತೆಂದು ಕೆಲವರು ಹೇಳುವರೆಂಬುದನ್ನು ದಾಖಲಿಸಿದ್ದಾನೆ. ಪರದೇಶದ ಶಬ್ದಕ್ಕೆ ಸ್ವದೇಶದ ವ್ಯುತ್ಪತ್ತಿ ಹುಡುಕುವ ಹವ್ಯಾಸ ನಿನ್ನೆ ಮೊನ್ನೆಯದಲ್ಲ.

ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹುದುಗಿದ ಪಾಂಪೆಯ ಗೋಡೆಗಳ ಮೇಲೆ ಗ್ರಹದೇವತೆಗಳ ವಾರದ ಪಟ್ಟಿ ದೊರೆತಿದೆ. ಮೂರನೆಯ ಶತಮಾನದ ರೋಮನ್ ಇತಿಹಾಸಕಾರ ಡಯೋ ಕ್ಯಾಸಿಯಸನು ಮೇಲಿನ ಹೋರಾಗಣಿತವನ್ನೇ ವಿವರಿಸಿ, ವಾರವು ಈಜಿಪ್ಟಿನವರದೆಂದಿದ್ದಾನೆ. ನಮ್ಮ ದೇಶದಲ್ಲಿ ಮಿತಿಯೊಡನೆ ವಾರವನ್ನು ಹೇಳುವ ಪ್ರಾಚೀನ ಶಾಸನವೆಂದು ಪ್ರಸಿದ್ಧವಾದುದು ಗುಪ್ತರ ಬುಧಗುಪ್ತನ ಕಾಲದ ಏರಣದ ಸ್ತಂಭಶಾಸನ, ಕ್ರಿ.ಶ. 484, ಆಷಾಢ ಶುಕ್ಲ ದ್ವಾದಶಿ, ಸುರಗುರುವಿನ ದಿವಸ. ಯವನಹೋರೆಯನ್ನು ಸಂಸ್ಕೃತಕ್ಕೆ ಇಳಿಸಿದ ಸ್ಫುಜಿಧ್ವಜನ ಯವನಜಾತಕವನ್ನು ಡೇವಿಡ್ ಪಿಂಗ್ರಿಯವರು 1978ರಲ್ಲಿ ಪ್ರಕಟಿಸಿ, ಅದರ ಕಾಲ ಕ್ರಿ.ಶ. 269–70 ಎಂದು ನಿರ್ಣಯಿಸಿದ್ದರು. ನೇಪಾಳದ ಹಸ್ತಪ್ರತಿಯನ್ನು ಮತ್ತೆ ಓದಿದ ಬಿಲ್ ಮಾಕ್ ಅವರು 2013ರಲ್ಲಿ ಆ ಓದನ್ನೇ ಪ್ರಶ್ನಿಸಿದ ಮೇಲೆ ಆ ವರ್ಷವನ್ನು ಮೊದಲಿನ ಧೈರ್ಯದಿಂದ ಹೇಳುವಂತಿಲ್ಲ. ಮಹಾಮಹೋಪಾಧ್ಯಾಯ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸದ ಐದನೆಯ ಸಂಪುಟದಲ್ಲಿ ಯವನಮೂಲದ ವಾದವನ್ನು ಸುಲಭವಾಗಿ ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ಆದರೆ 24ನ್ನು ಏಳರಿಂದ ಭಾಗಿಸಿ ಉಳಿಯುವ ಮೂರಕ್ಕೆ ಅವರ ಪಾಂಡಿತ್ಯದಲ್ಲಿಯೂ ತೃಪ್ತಿಕರವಾದ ಬೇರೆ ಸಮಾಧಾನ ಕಾಣುವುದಿಲ್ಲ.

ಹಾಗೆಂದು ಎಲ್ಲವೂ ಸಾಲವೆನ್ನುವವರು ರಾಹುವಿನ ಬಳಿ ಬಂದು ನಿಲ್ಲಬೇಕಾಗುತ್ತದೆ. ಯವನರಿಗೆ ಚಂದ್ರಪಥದ ಪಾತಬಿಂದುಗಳು ಗೊತ್ತಿದ್ದವು. ಆದರೆ ಅವರ ವಾರದಲ್ಲಾಗಲಿ ದೇವತೆಗಳ ಸಾಲಿನಲ್ಲಾಗಲಿ ಎಂಟನೆಯವನಿಲ್ಲ. ಋಗ್ವೇದದ ಸ್ವರ್ಭಾನುವನ್ನು ತಂದು ಗಣಿತದ ಪಾತಬಿಂದುವಿನ ಮೇಲೆ ಕೂರಿಸಿದವರು ನಮ್ಮವರೇ. ಈ ಕೂಡಿಕೆ ಸಲೀಸಾಗಿ ಆಗಲಿಲ್ಲ. ಜಾತಕಶಾಸ್ತ್ರದಲ್ಲಿ ಹನ್ನೆರಡು ರಾಶಿಗಳನ್ನು ಹಂಚಿದುದು ಏಳು ಮಂದಿಗೆ ಮಾತ್ರ: ರವಿಚಂದ್ರರಿಗೆ ಒಂದೊಂದು, ಉಳಿದ ಐವರಿಗೆ ಎರಡೆರಡು. ರಾಹುಕೇತುಗಳಿಗೆ ಸ್ವಂತ ಮನೆಯಿಲ್ಲ. ಆಮೇಲಿನ ಜ್ಯೋತಿಷಿಗಳು ಕೊಟ್ಟ ಮನೆಗಳ ವಿಷಯದಲ್ಲಿ ಒಮ್ಮತವಿಲ್ಲ. ವರಾಹಮಿಹಿರನ ದಶಾಪದ್ಧತಿಯಲ್ಲಿಯೂ ಅವರಿಗೆ ಪಾಲಿಲ್ಲ. ಇಂದು ಪ್ರಚಾರದಲ್ಲಿರುವ ವಿಂಶೋತ್ತರೀ ದಶೆಯ 120 ವರ್ಷಗಳಲ್ಲಾದರೋ ರಾಹುವಿಗೆ 18, ಕೇತುವಿಗೆ 7, ಒಟ್ಟು 25 ವರ್ಷಗಳು ಸಲ್ಲುತ್ತವೆ. ಸ್ವಂತ ಮನೆಯಿಲ್ಲದವರು ಆಯುಷ್ಯದ ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಶಪಡಿಸಿಕೊಂಡರು.

ಗ್ರಹಣದ ನಿಜವಾದ ಕಾರಣ ನಮ್ಮ ಗಣಿತಜ್ಞರಿಗೆ ತಿಳಿಯದೆ ಇರಲಿಲ್ಲ. ಚಂದ್ರನು ಭೂಮಿಯ ನೆರಳನ್ನು ಹೊಗುವುದೇ ಚಂದ್ರಗ್ರಹಣವೆಂದು ಆರ್ಯಭಟನು ಹೇಳಿದನು. ವರಾಹಮಿಹಿರನು ಬೃಹತ್ಸಂಹಿತೆಯ ರಾಹುಚಾರಾಧ್ಯಾಯದಲ್ಲಿ ತಲೆಮಾತ್ರದ ಅಸುರನ ಕಥೆಯನ್ನು ಯುಕ್ತಿಯಿಂದ ಖಂಡಿಸಿದನು. ಆಮೇಲೆ ಲೋಕಾಚಾರಕ್ಕೂ ಒಂದು ದಾರಿ ಬಿಟ್ಟನು. ಕ್ರಿ.ಶ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತನ ನಡತೆ ಇನ್ನೂ ವಿಚಿತ್ರ. ರಾಹುವನ್ನು ಅಲ್ಲಗಳೆದ ಆರ್ಯಭಟ ವರಾಹಮಿಹಿರಾದಿಗಳನ್ನು ವೇದಸ್ಮೃತಿಬಾಹ್ಯರೆಂದು ಗದರಿಸಿ, ತಾನು ಗ್ರಹಣವನ್ನು ಲೆಕ್ಕಹಾಕುವಾಗ ಮಾತ್ರ ಭೂಛಾಯೆಯನ್ನೇ ಅಳೆದನು. ಕ್ರಿ.ಶ. 1030ರ ಸುಮಾರಿಗೆ ಇದನ್ನು ಓದಿದ ಅಲ್ಬೆರೂನಿ ಅವಾಕ್ಕಾದನು. ಇಂಥ ಮೇಧಾವಿಯು ಮನಸ್ಸಾಕ್ಷಿಗೆ ವಿರುದ್ಧವಾಗಿ ಹೀಗೆ ಬರೆಯಬೇಕಾದರೆ ಸಾಕ್ರಟೀಸನಿಗೆ ಬಂದಂಥ ವಿಪತ್ತಿನ ಭಯವೇ ಕಾರಣವಾಗಿರಬೇಕೆಂದು ಆತನು ಊಹಿಸಿದನು. ಊಹೆ ಸರಿಯೋ ತಪ್ಪೋ, ಗ್ರಹಣಕಾಲದ ಸ್ನಾನ, ಜಪ, ದಾನಗಳ ಮೇಲೆ ನಿಂತಿದ್ದ ಒಂದು ಸಮಾಜದ ಭಾರ ಎಷ್ಟಿತ್ತೆಂಬುದನ್ನು ನಮ್ಮ ಶಾಸನಗಳು ತೋರಿಸುತ್ತವೆ. ಸೂರ್ಯಗ್ರಹಣದಂದು ಬಿಟ್ಟ ಭೂಮಿಗೆ ಕನ್ನಡ ಶಾಸನಗಳಲ್ಲಿ ಲೆಕ್ಕವಿಲ್ಲ. ದಾನಿಯ ಶ್ರದ್ಧೆಯಿಂದ ಕೆತ್ತಿಸಿದ ಆ ಗ್ರಹಣವೇ ಇಂದು ಶಾಸನದ ಕಾಲವನ್ನು ಗಣಿತದಿಂದ ತಾಳೆನೋಡುವುದಕ್ಕೆ ಆಧಾರವಾಗಿದೆ.

ಕೇತುವಿನ ಕಥೆ ಬೇರೆ. ಮಹಾಭಾರತದ ಆದಿಪರ್ವದಲ್ಲಿ ಅಮೃತ ಕದ್ದ ರಾಹುವಿನ ಶಿರಸ್ಸು ಆಕಾಶಕ್ಕೆ ಹಾರಿದರೆ ಮುಂಡವು ಭೂಮಿಗೆ ಬಿದ್ದಿತು. ಅದು ಕೇತುವಾಯಿತೆಂಬ ಮಾತು ಅಲ್ಲಿಲ್ಲ. ಬೃಹತ್ಸಂಹಿತೆಯ ಕೇತುಚಾರದಲ್ಲಿ ಕೇತುಗಳು ಅನೇಕ, ಅವು ಬಾಲವಿರುವ ಧೂಮಕೇತುಗಳು. ಅನೇಕರಾಗಿದ್ದವರು ಒಬ್ಬನಾಗಿ, ಬಾಲದ ಸಾದೃಶ್ಯದಿಂದ ರಾಹುವಿನ ಮುಂಡವಾಗಿ, ಕೊನೆಗೆ ಎದುರಿನ ಪಾತಬಿಂದುವಾಗಿ ಪರಿಣಮಿಸಿದರು.

ಈ ತಡವು ಕಲ್ಲಿನಲ್ಲಿಯೂ ಕಾಣುತ್ತದೆ. ಸ್ಮೃತಿಯಲ್ಲಿ ಒಂಬತ್ತಿದ್ದರೂ ಶಿಲ್ಪಿಗಳು ಬಹುಕಾಲ ಎಂಟನ್ನೇ ಕೆತ್ತಿದರು. ಭುವನೇಶ್ವರದ ಪರಶುರಾಮೇಶ್ವರ ದೇವಾಲಯದ (ಏಳನೆಯ ಶತಮಾನ) ಬಾಗಿಲವಾಡದ ಮೇಲಿನ ಪಟ್ಟಿಕೆಯಲ್ಲಿ ಎಂಟೇ ಗ್ರಹಗಳು. ಸಾಲು ರಾಹುವಿನೊಡನೆ ಮುಗಿಯುತ್ತದೆ. ಅದೇ ಊರಿನ ಮುಕ್ತೇಶ್ವರಕ್ಕೆ (ಹತ್ತನೆಯ ಶತಮಾನ) ಬರುವ ಹೊತ್ತಿಗೆ ಒಂಬತ್ತು. ಉತ್ತರಭಾರತದಲ್ಲಿ ಕೆಲವೆಡೆ ಕೇತುವು ಇದಕ್ಕಿಂತ ಮೊದಲೇ ಪ್ರವೇಶಿಸಿದನು. ದೇಬಲಾ ಮಿತ್ರ ಅವರು 1965ರ ಲೇಖನದಲ್ಲಿಯೂ ಸ್ಟೀಫನ್ ಮಾರ್ಕೆಲ್ ಅವರು 1995ರ ಗ್ರಂಥದಲ್ಲಿಯೂ ಇದನ್ನು ವಿಚಾರಮಾಡಿದ್ದಾರೆ. ಕೊಣಾರ್ಕದ ನವಗ್ರಹಶಿಲೆಯ ಭಾಗ್ಯವನ್ನೂ ಹೇಳಬೇಕು. ಹದಿಮೂರನೆಯ ಶತಮಾನದ ನರಸಿಂಹದೇವನ ಆ ಸೂರ್ಯದೇವಾಲಯದ ದ್ವಾರದ ಮೇಲಿದ್ದ ಬೃಹತ್ ಶಿಲೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲಕತ್ತೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಲು ಹವಣಿಸಿ, ಭಾರ ತಗ್ಗಿಸಲು ಸೀಳಿ, ಸ್ವಲ್ಪ ದೂರ ಎಳೆದು ಕೈಬಿಟ್ಟರು. ಮಹಾಮಂದಿರದಲ್ಲಿ ಪೂಜೆ ನಿಂತುಹೋಗಿದ್ದರೂ, ಆವರಣದ ಬದಿಯ ಚಿಕ್ಕ ಕಟ್ಟಡದಲ್ಲಿರುವ ಈ ಒಡೆದ ಗ್ರಹಗಳಿಗೆ ಇಂದಿಗೂ ಪೂಜೆ ನಡೆಯುತ್ತದೆ.

ಕನ್ನಡನಾಡಿನಲ್ಲಿ ಗ್ರಹಗಳು ಶಿಲ್ಪಕ್ಕಿಂತ ಪಂಚಾಂಗದ ಮೂಲಕ ಹೆಚ್ಚು ಆಳಿದಂತೆ ತೋರುತ್ತದೆ. ಚಾಲುಕ್ಯ ಹೊಯ್ಸಳರ ಭುವನೇಶ್ವರಿಗಳಲ್ಲಿ ಅಷ್ಟದಿಕ್ಪಾಲಕರದೇ ಪ್ರಾಬಲ್ಯ. ಇತ್ತ ಗ್ರಂಥಗಳಲ್ಲಾದರೋ, ಚಾವುಂಡರಾಯನ ಲೋಕೋಪಕಾರದಲ್ಲಿ (ಸು. 1025) ಜ್ಯೋತಿಷಕ್ಕೆ ಸ್ಥಳ ದೊರೆತಿದೆ, ಇನ್ನು ಕಾಲು ಶತಮಾನದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು ಜಾತಕತಿಲಕವನ್ನು ರಚಿಸಿದನು. ಕನ್ನಡದ ಮೊದಲ ಜ್ಯೋತಿಷಗ್ರಂಥವಿದು, ಕರ್ತೃ ಜೈನ. ಗ್ರಹಗಳಿಗೆ ಮತಭೇದವಿರಲಿಲ್ಲ. ಶಾಸನಗಳ ವಾರನಾಮಗಳಲ್ಲಿ ಆದಿವಾರ, ಸೋಮವಾರ, ಬೃಹವಾರಗಳ ನಡುವೆ 'ವಡ್ಡವಾರ' ಎಂಬುದೊಂದಿದೆ. ತಿಥಿಗಳನ್ನು ಗಣಿಸಿ ನೋಡಿದ ವಿದ್ವಾಂಸರು ಅದು ಶನಿವಾರವೆಂದು ನಿಶ್ಚಯಿಸಿದರು. 'ವಡ್ಡ' ಎಂದರೆ ದೊಡ್ಡದೆಂದು ಅರ್ಥ ಹೇಳುವುದುಂಟು. ಪಂಚಾಂಗದ 'ಸ್ಥಿರವಾರ'ವೂ ಅದೇ. ಎರಡರಲ್ಲಿಯೂ ಶನಿಯ ಹೆಸರನ್ನು ಎತ್ತದೆ ಆತನ ದಿನವನ್ನು ಗೌರವದಿಂದ ಕರೆದಂತಾಯಿತು. ಭಯವಿರುವಲ್ಲಿ ಭಾಷೆ ಹೀಗೆ ಸುತ್ತುದಾರಿ ಹಿಡಿಯುವುದು ಸಹಜ.

ತಮಿಳುನಾಡಿನಲ್ಲಿ ಆರಾಧನೆ ಬೇರೆ ರೀತಿಯಲ್ಲಿ ಬೆಳೆಯಿತು. ಕುಂಭಕೋಣದ ಸಮೀಪದ ಸೂರ್ಯನಾರ್ ಕೋಯಿಲ್ ಒಂದನೆಯ ಕುಲೋತ್ತುಂಗ ಚೋಳನ ಹೆಸರಿನ ಮಾರ್ತಾಂಡಾಲಯ; ನಡುವೆ ಸೂರ್ಯ, ಸುತ್ತಲೂ ಉಳಿದವರಿಗೆ ಬೇರೆ ಬೇರೆ ಗುಡಿಗಳು. ಮತ್ಸ್ಯಪುರಾಣವು ಹೇಳುವ ಮಂಡಲದಲ್ಲಿಯೂ ಮಧ್ಯದಲ್ಲಿ ಸೂರ್ಯ, ದಕ್ಷಿಣದಲ್ಲಿ ಕುಜ, ಉತ್ತರದಲ್ಲಿ ಗುರು, ಪಶ್ಚಿಮದಲ್ಲಿ ಶನಿ. ಸಾಲಿನಲ್ಲಿ ನಿಂತಿದ್ದವರು ಸುತ್ತಲೂ ನಿಂತುದರಿಂದಲೇ ಪ್ರದಕ್ಷಿಣೆ ಸಾಧ್ಯವಾಯಿತು. ಅದೇ ಕಾವೇರೀತೀರದ ಮುತ್ತುಸ್ವಾಮಿ ದೀಕ್ಷಿತರ ಗ್ರಹಕೀರ್ತನೆಗಳಲ್ಲಿ ಏಳು–ಒಂಬತ್ತರ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಸೌರಾಷ್ಟ್ರರಾಗದ ಸೂರ್ಯಕೀರ್ತನೆ ಧ್ರುವತಾಳದಲ್ಲಿ, ಚಂದ್ರನದು ಮಠ್ಯದಲ್ಲಿ, ಕುಜನದು ರೂಪಕದಲ್ಲಿ, ಹೀಗೆ ಶನಿಯದು ಏಕತಾಳದಲ್ಲಿ: ಏಳು ವಾರಕ್ಕೆ ಏಳು ತಾಳ. ಇವು ನಮ್ಮ ಹರಿದಾಸರ ಸುಳಾದಿಗಳ ಸಪ್ತತಾಳಗಳೇ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಏಳೇ ಇವೆ. ರಾಹುಕೇತುಗಳ ಕೀರ್ತನೆಗಳ ಕರ್ತೃತ್ವವನ್ನು ಸಂಗೀತವಿದ್ವಾಂಸರು ಸಂದೇಹಿಸಿದ್ದಾರೆ. ಹಾಡುವವರು ಮಾತ್ರ ಒಂಬತ್ತನ್ನೂ ಹಾಡುತ್ತಾರೆ.

ಮೈಸೂರು ಸೀಮೆಯಲ್ಲಿ ಪಾವಗಡದ ಶನಿಮಹಾತ್ಮನ ಗುಡಿಗೆ ನಡೆದುಬರುವ ಜನಸಂದಣಿಯೂ, ಹಳ್ಳಿಗಳಲ್ಲಿ ಶನಿವಾರ ರಾತ್ರಿ ಓದಿಸುವ ಶನಿಮಹಾತ್ಮೆಯ ಕಥೆಯೂ ಪಂಡಿತರ ಗ್ರಂಥಗಳ ಹೊರಗೆ ಬೆಳೆದ ಆರಾಧನೆಗೆ ನಿದರ್ಶನ. ವಿಕ್ರಮರಾಜನ ಸಭೆಯಲ್ಲಿ ಗ್ರಹಗಳಲ್ಲಿ ಯಾರು ಹೆಚ್ಚೆಂಬ ಚರ್ಚೆ ನಡೆದು, ರಾಜನು ಶನಿಯನ್ನು ಹಗುರಾಗಿ ಮಾತನಾಡಿ ಏಳೂವರೆ ವರ್ಷ ಪಡಬಾರದ ಪಾಡು ಪಡುವ ಕಥೆ ಅದು. ಊರು ಬಿಟ್ಟು ಪರಸ್ಥಳದಲ್ಲಿ ಅಪರಿಚಿತನಾಗಿ ಗಾಣದ ಮನೆಯಲ್ಲಿ ದುಡಿಯುವ ಅರಸನ ಆ ಕಥೆಯನ್ನು, ಕರಾವಳಿಯಿಂದ ಮುಂಬಯಿಗೆ ಬಂದು ಖಾನಾವಳಿಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿದ ತುಳು–ಕನ್ನಡಿಗರು ತಮ್ಮೊಡನೆ ತಂದರು. ಇಂದಿಗೂ ಆ ನಗರದ ಅನೇಕ ಕೇರಿಗಳಲ್ಲಿ ಶನಿವಾರದ ಸಂಜೆ ಕಲಶ ಸ್ಥಾಪಿಸಿ ಶನಿಗ್ರಂಥದ ಪಾರಾಯಣ ನಡೆಯುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ. ಇನ್ನೊಬ್ಬರು ತಾಳಮದ್ದಲೆಯ ರೀತಿಯಲ್ಲಿ ಅರ್ಥ ಹೇಳುತ್ತಾರೆ. ಪಾರಾಯಣ ಮುಗಿದ ಮೇಲೆ ಮಂಗಳಾರತಿ, ಪ್ರಸಾದವಿನಿಯೋಗ.